ಗ್ರೀಕಿನ ‘ಒಯ್ಕೊದೊಮೆಓ’: ಕಟ್ಟಿದನೋ, ಕಟ್ಟಿಸಿದನೋ?

ಹಳೆಯ ಗ್ರೀಕಿನಲ್ಲಿ ‘ಕಟ್ಟು’ ಎನ್ನುವುದಕ್ಕೆ ಜಾಸ್ತಿ ಕಾಣುವ ಕ್ರಿಯಾಪದ ಒಯ್ಕೊದೊಮೆಓ. ಒಯ್ಕೊಸ್ ಅಂದರೆ ಮನೆ, ದೆಮೋ ಅಂದರೆ ಕಟ್ಟು. ಒಳಗೆ ಮನೆ ಇದ್ದರೂ ಗೋಡೆ, ಗುಡಿ, ಕೋಟೆ ಎಲ್ಲಕ್ಕೂ ಇದೇ ಪದ ನಡೆಯುತ್ತದೆ.

ಮೊದಲು ರೂಪದ ಮಾತು. ಓದುವಾಗ ‘ಓಯ್ಕೊದೊಮೇಸ’ (ಕಟ್ಟಿದೆ) ಎಂದು ಸಿಗುತ್ತದೆ, ನಿಘಂಟಿನಲ್ಲಿ ಅದನ್ನು ಓಕಾರದಡಿ ಹುಡುಕಿದರೆ ಸಿಗಲ್ಲ. ಭೂತಕಾಲದಲ್ಲಿ ಮೊದಲ ಒ ದೀರ್ಘವಾಗುತ್ತದೆ, ಅಷ್ಟೇ. ಸಂಸ್ಕೃತದ ಇಚ್ಛತಿ ಭೂತಕಾಲದಲ್ಲಿ ಐಚ್ಛತ್ ಆಗುತ್ತಲ್ಲ, ಅದೇ ಬಗೆ. ನಮ್ಮ ಲಿಪಿಯಲ್ಲಿ ಒ-ಓ, ಎ-ಏ ಬೇರೆಬೇರೆ ಇರುವುದರಿಂದ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ, ಇದು ಕನ್ನಡದಲ್ಲಿ ಗ್ರೀಕ್ ಕಲಿಯುವವರಿಗೆ ದೊಡ್ಡ ಅನುಕೂಲ. ಆಮೇಲಿನ ಕಾಲದ ಗ್ರೀಕಿನಲ್ಲಿ ಈ ದೀರ್ಘ ಎಷ್ಟೋ ಸಲ ಬಿಟ್ಟುಹೋಗಿದೆ. ಬೈಬಲಿನ ಯೋಹಾನನ ಸುವಾರ್ತೆಯಲ್ಲಿ (2:20) ದೇವಾಲಯ ಕಟ್ಟಲು 46 ವರ್ಷ ಹಿಡಿಯಿತು ಎನ್ನುವ ಕಡೆ ಕೆಲವು ಹಳೆಯ ಪ್ರತಿಗಳಲ್ಲಿ ‘ಒಯ್ಕೊದೊಮೇಥೇ’ ಎಂದು ಹ್ರಸ್ವವೇ ಇದೆ.

ಈಗ ಇದನ್ನು ಕನ್ನಡಕ್ಕೆ ತರುವ ಬಗ್ಗೆ ನನ್ನ ಪ್ರಶ್ನೆ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ತನ್ನ ಇತಿಹಾಸದ ಮೊದಲ ಪುಸ್ತಕದಲ್ಲಿ (1.98) ಮೇದಿಯರ (ಈಗಿನ ಇರಾನಿನ ಕಡೆಯ ಹಳೆಯ ಜನ) ದೊರೆ ದೇಯೊಕೇಸನ ಕತೆ ಹೇಳುತ್ತಾನೆ. ನನಗೊಂದು ಅರಮನೆ ಬೇಕು ಎಂದು ಅವನು ಅಪ್ಪಣೆ ಮಾಡುತ್ತಾನೆ, ಮೇದಿಯರು ಕಟ್ಟುತ್ತಾರೆ: ‘ಒಯ್ಕೊದೊಮೆಊಸಿ’. ಸ್ವಲ್ಪ ಮುಂದೆ, ಒಂದರೊಳಗೊಂದು ಏಳು ಸುತ್ತಿನ ಕೋಟೆಗೋಡೆಯ ಮಾತು ಬಂದಾಗ ಕರ್ತೃ ದೊರೆಯೇ: ‘ಒಯ್ಕೊದೊಮೆಎಇ’. ಕಲ್ಲು ಹೊತ್ತವರು ಆಗಲೂ ಮೇದಿಯರೇ ಅಲ್ವಾ? ಆದರೂ ಗ್ರೀಕ್ ಕ್ರಿಯಾಪದ ಬದಲಾಗುವುದಿಲ್ಲ.

ಕನ್ನಡ ಇದನ್ನು ಸುಮ್ನೆ ಬಿಡುವುದಿಲ್ಲ. ದೊರೆ ‘ಗೋಡೆ ಕಟ್ಟಿದ’ ಅಂದರೆ ಅವನೇ ಕರಣೆ ಹಿಡಿದ ಹಾಗಾಗುತ್ತದೆ. ನಮ್ಮ ಶಾಸನಗಳಲ್ಲೂ ದೊರೆ, ದಂಡನಾಯಕರು ಕೆರೆಯಂ ಕಟ್ಟಿಸಿ, ಬಸದಿಯಂ ಮಾಡಿಸಿದವರೇ. ಹಾಗಾಗಿ ನನ್ನ ಒಲವು ‘ಮೇದಿಯರು ಕಟ್ಟುತ್ತಾರೆ, ದೇಯೊಕೇಸ್ ಕಟ್ಟಿಸುತ್ತಾನೆ’ ಎನ್ನುವುದರ ಕಡೆಗೇ. ‘ಕಟ್ಟಿಸಿಕೊಳ್ಳುತ್ತಾನೆ’ ಬೇಡ. ತನಗಾಗಿ ಎನ್ನುವ ಅರ್ಥಕ್ಕೆ ಗ್ರೀಕಿನಲ್ಲಿ ‘ಒಯ್ಕೊದೊಮೆಒಮಯ್’ ಎಂಬ ಬೇರೆ ರೂಪವೇ ಇದೆ, ನಮ್ಮ ‘ಕೊಳ್ಳು’ವನ್ನು ಅದಕ್ಕೆ ಉಳಿಸಿಕೊಳ್ಳಬೇಕು.

ಆದರೆ ಹೀಗೆ ಮಾಡಿದರೆ ಎರಡೂ ಕಡೆ ಒಂದೇ ಪದ ಇದ್ದದ್ದು ಓದುಗರಿಗೆ ಗೊತ್ತಾಗುವುದಿಲ್ಲ. ಅನುವಾದ ಮಾಡಿ ಪಳಗಿದವರು ಇಂಥಲ್ಲಿ ಏನು ಮಾಡುತ್ತೀರಿ? ‘ಎಬ್ಬಿಸು’ ಎಂದು ಎರಡೂ ಕಡೆ ಹಾಕಿದರೆ ಹೊಂದುತ್ತದೆಯೇ?