ಮಿನೆಸೋಟಾದಲ್ಲಿ ಸ್ವಂತ ಮನೆಯ ಮೊದಲ ಚಳಿಗಾಲ: ಯಾವ ಕೆಲಸ ಮೊದಲು?

ಹೊಸಮನೆ:
ನಮಸ್ಕಾರ. ಬೇಸಿಗೆಯಲ್ಲಿ ಮಿನಿಯಾಪೊಲಿಸ್ ಹತ್ತಿರ ಹಳೇ ಮನೆ ತಗೊಂಡಿದ್ದೀವಿ. ಇಲ್ಲೀವರೆಗೆ ಅಪಾರ್ಟ್‌ಮೆಂಟು, ಇದ್ಯಾವುದೂ ಗೊತ್ತಿಲ್ಲ. ಬೇಸ್‌ಮೆಂಟ್ ಇದೆ, ಹೊರಗೋಡೆಯಲ್ಲಿ ಎರಡು ನಲ್ಲಿ, ಅಂಗಳಕ್ಕೆ ಸ್ಪ್ರಿಂಕ್ಲರ್, ಮನೆ ಬಿಸಿ ಮಾಡೋಕೆ ಗ್ಯಾಸ್ ಫರ್ನೇಸ್. ಡಿಸೆಂಬರ್ ಮಧ್ಯದಲ್ಲಿ ಒಂದು ತಿಂಗಳು ಬೆಂಗಳೂರಿಗೆ ಹೋಗ್ತಿದ್ದೀವಿ, ಮನೆ ಖಾಲಿ ಇರತ್ತೆ. ಏನೇನು ಮಾಡಬೇಕು? ಕುಂಡದಲ್ಲಿ ಕರಿಬೇವಿನ ಗಿಡವೂ ಇದೆ.

ಪಾನಾಪಟ್ಟು:
ಮೊದಲು ನೀರು, ಆಮೇಲೆ ಉಳಿದಿದ್ದು. ನೀರು ಹೆಪ್ಪುಗಟ್ಟಿದರೆ ಸುಮಾರು ಶೇ. 9ರಷ್ಟು ಹಿಗ್ಗತ್ತೆ, ತಾಮ್ರದ ಪೈಪೂ ಸೀಳತ್ತೆ.

ಅಕ್ಟೋಬರ್ ಶುರುವಿನಲ್ಲೇ ಎರಡೂ ನಲ್ಲಿಯಿಂದ ಹೋಸ್ ಬಿಚ್ಚಿ. ಫ್ರಾಸ್ಟ್-ಫ್ರೀ (ಹೆಪ್ಪುಗಟ್ಟದ ಹಾಗೆ ಮಾಡಿದ) ನಲ್ಲಿಯಾದರೆ ನೀರು ನಿಲ್ಲಿಸುವ ವಾಷರ್ ಮನೆಯೊಳಗೆ 8–12 ಇಂಚು ಹಿಂದೆ ಇರತ್ತೆ. ಬಂದ್ ಮಾಡಿದಾಗ ಮುಂದಿನ ಕೊಳವೆ ತಾನೇ ಬರಿದಾಗಬೇಕು. ಹೋಸ್ ಸಿಕ್ಕಿಸಿಯೇ ಬಿಟ್ಟರೆ ನೀರು ಅಲ್ಲೇ ನಿಂತು ಕೊಳವೆ ಸೀಳತ್ತೆ. ಸೀಳಿದ್ದು ವಾಷರಿನ ಮುಂದಿನ ಭಾಗವಾದ್ದರಿಂದ ಚಳಿಗಾಲವಿಡೀ ಒಂದು ಹನಿಯೂ ಸೋರಲ್ಲ. ಏಪ್ರಿಲ್‌ನಲ್ಲಿ ಗಿಡಕ್ಕೆ ನೀರು ಬಿಟ್ಟಾಗ ಬೇಸ್‌ಮೆಂಟಿಗೆ ಇಳಿಯತ್ತೆ.

ಹಳೇ ಮಾದರಿ ನಲ್ಲಿಯಾದರೆ ಒಳಗಿನ ವಾಲ್ವ್ ಬಂದ್ ಮಾಡಿ, ಹೊರಗಿನದು ತೆರೆಯಿರಿ. ಆಮೇಲೆ ಒಳವಾಲ್ವಿನ ಪಕ್ಕದ ಪುಟ್ಟ ಹಿತ್ತಾಳೆ ಮುಚ್ಚಳ ಸಡಿಲಿಸಿ, ಕೆಳಗೆ ಬಕೆಟ್ ಹಿಡಿದು ಉಳಿದ ನೀರು ಬಸಿಯಿರಿ. ಹೊರಗಿನ ನಲ್ಲಿ ತೆರೆದೇ ಇರಲಿ.

ಹೊಸಮನೆ:
ಥ್ಯಾಂಕ್ಸ್ ಸರ್. ಸ್ಪ್ರಿಂಕ್ಲರ್ ಪೈಪಿನ ನೀರನ್ನು ಗಾಳಿಯಿಂದ ಊದಿ ತೆಗೀಬೇಕಂತೆ. ಟೈರಿಗೆ ಗಾಳಿ ತುಂಬೋ 6 ಗ್ಯಾಲನ್ ಕಂಪ್ರೆಸರ್ ಸಾಕಾ?

ಪಾನಾಪಟ್ಟು:
ಸಾಲಲ್ಲ. ಅದರಲ್ಲಿ ಒತ್ತಡ ಇದೆ, ಗಾಳಿಯ ಪ್ರಮಾಣ ಇಲ್ಲ. ಮೊದಲ ಅರ್ಧ ನಿಮಿಷ ನೀರು ಹಾರತ್ತೆ, ಟ್ಯಾಂಕ್ ಖಾಲಿಯಾಗತ್ತೆ, ಉಳಿದ ನೀರು ವಾಪಸ್ ತಗ್ಗಿಗೆ ಇಳಿದು ಕೂರತ್ತೆ. ದೊಡ್ಡದು ಬಾಡಿಗೆಗೆ ತಂದರೆ ಒತ್ತಡ 50 ಪಿಎಸ್‌ಐ (ಟೈರ್ ಗಾಳಿ ಅಳೆಯೋ ಅಳತೆಯೇ) ದಾಟಿಸಬೇಡಿ, ಕಪ್ಪು ಪಾಲಿ ಪೈಪಿಗೆ ಅದೇ ಮಿತಿ. ಒಂದು ಝೋನ್ (ಒಂದೇ ವಾಲ್ವಿನಿಂದ ನೀರು ಪಡೆಯೋ ಸ್ಪ್ರಿಂಕ್ಲರ್ ಗುಂಪು) ತೆರೆದ ಮೇಲೇ ಗಾಳಿ ಬಿಡಿ. ಮಂಜಿನ ಹಾಗೆ ಬರೋವರೆಗೆ ಊದಿ, ಮುಂದಿನ ಝೋನಿಗೆ ಹೋಗಿ. ಒಣಗಿದ ಮೇಲೂ ಊದಿದರೆ ನೀರು ಚಿಮ್ಮೋ ಹೆಡ್ಡಿನ ಗಿಯರ್ ಬಿಸಿಯಾಗಿ ಕೆಡತ್ತೆ. ಬ್ಯಾಕ್‌ಫ್ಲೋ ಉಪಕರಣದ (ಅಂಗಳದ ನೀರು ಕುಡಿಯೋ ನೀರಿಗೆ ವಾಪಸ್ ಬರದ ಹಾಗೆ ತಡೆಯೋದು) ಮೂಲಕ ಗಾಳಿ ಹಾಯಿಸಬಾರದು. ಕೊನೆಗೆ ಅದರ ಬಾಲ್ ವಾಲ್ವ್‌ಗಳನ್ನು 45 ಡಿಗ್ರಿಗೆ ತಿರುಗಿಸಿ ಬಿಡಿ, ಚೆಂಡಿನೊಳಗೆ ಸಿಕ್ಕಿಕೊಂಡ ನೀರು ಬಸಿಯತ್ತೆ. ಕನ್ನಡಕ ಹಾಕ್ಕೊಳ್ಳಿ. ಮೊದಲ ವರ್ಷ ದುಡ್ಡು ಕೊಟ್ಟು ಮಾಡಿಸಿ ಪಕ್ಕದಲ್ಲಿ ನಿಂತು ನೋಡೋದು ಜಾಣತನ.

ಒಗ್ಗರಣೆ ಹೊಗೆ:
ಫರ್ನೇಸ್ ಬಗ್ಗೆ. ಫಿಲ್ಟರಿನ ಮೇಲಿರುವ ಬಾಣ ಫರ್ನೇಸ್ ಕಡೆಗಿರಬೇಕು. 1 ಇಂಚಿನ ಫಿಲ್ಟರಾದರೆ ಮರ್ವ್ 8 ಸಾಕು (ಮರ್ವ್ ಅಂದರೆ ಫಿಲ್ಟರ್ ಎಷ್ಟು ಸಣ್ಣ ಧೂಳು ಹಿಡಿಯತ್ತೆ ಅನ್ನೋ ಅಂಕ). ತೀರಾ ಒತ್ತಾದ ಫಿಲ್ಟರ್ ಹಾಕಿದರೆ ಗಾಳಿ ಹರಿವು ಕಡಿಮೆಯಾಗಿ, ಒಳಗೆ ಬಿಸಿ ಏರಿ, ಅತಿ ಬಿಸಿ ತಡೆಯೋ ಲಿಮಿಟ್ ಸ್ವಿಚ್ ಬರ್ನರ್ ಆರಿಸತ್ತೆ. ದಿನಾ ಒಗ್ಗರಣೆ ಹಾಕೋ ಮನೆಗೆ ಡಬ್ಬದ ಮೇಲೆ ಬರೆದಿರೋ ಮೂರು ತಿಂಗಳ ಲೆಕ್ಕ ನಂಬಬೇಡಿ, ತಿಂಗಳಿಗೊಮ್ಮೆ ತೆಗೆದು ನೋಡಿ.

ಹೊರಗೋಡೆಯಲ್ಲಿ ಎರಡು ಬಿಳಿ ಪ್ಲಾಸ್ಟಿಕ್ ಪೈಪ್ ಕಾಣ್ತಿದ್ದರೆ ಅದು ಫರ್ನೇಸಿನ ಉಸಿರು. ಹಿಮ ಅದನ್ನು ಮುಚ್ಚಿದರೆ ಫರ್ನೇಸ್ ನಿಲ್ಲತ್ತೆ, ವಾಸನೆಯಿಲ್ಲದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ (ಸಿಓ) ಒಳಗೆ ಬರೋ ಅಪಾಯವೂ ಇದೆ. ಪ್ರತಿ ಮಲಗೋ ಕೋಣೆಯಿಂದ 10 ಅಡಿಯೊಳಗೆ ಸಿಓ ಅಲಾರ್ಮ್ ಇರಬೇಕು, ಮಿನೆಸೋಟಾ ಕಾನೂನೇ ಹಾಗಿದೆ.

ಸೂರಂಚಿನಲ್ಲಿ ಐಸ್ ದಪ್ಪಗೆ ಕಟ್ಟಿದರೆ ಗಟರ್ (ಸೂರಿನ ನೀರು ಹರಿಯೋ ದೋಣಿ) ಒಂದನ್ನೇ ದೂರಬೇಡಿ. ಮನೆಯ ಬಿಸಿಗಾಳಿ ಅಟ್ಟಕ್ಕೆ ಸೋರಿ, ಸೂರಿನ ಮೇಲಿನ ಹಿಮ ಕರಗಿ, ತಣ್ಣಗಿರೋ ಅಂಚಿಗೆ ಬಂದು ಮತ್ತೆ ಹೆಪ್ಪುಗಟ್ಟತ್ತೆ. ಹಾಗಾಗಿ ಮೊದಲು ಚಾವಣಿಯ ದೀಪದ ಸುತ್ತಲಿನ ತೂತು, ಅಟ್ಟದ ಬಾಗಿಲಿನ ಸಂದು ಮುಚ್ಚಿ, ಆಮೇಲೆ ಇನ್ಸುಲೇಷನ್ ಹೆಚ್ಚಿಸಿ.

ಐಸ್ ಕರಗಿಸೋ ಉಪ್ಪು: ಮೊದಲು ಸಲಿಕೆಯಿಂದ ಹಿಮ ತೆಗೀರಿ. 20 ಅಡಿ ಡ್ರೈವ್‌ವೇಗೆ ಒಂದು ಕಾಫಿ ಮಗ್ ಉಪ್ಪು ಸಾಕು. ಚಳಿ 15 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗಿಳಿದರೆ ಸಾದಾ ಉಪ್ಪು ಕೆಲಸ ಮಾಡಲ್ಲ.

ಅಂಗಳದ ತುಳಸಿ:
ಕರಿಬೇವನ್ನು ರಾತ್ರಿ 50 ಡಿಗ್ರಿ ಫ್ಯಾರನ್‌ಹೀಟಿಗೆ ಇಳಿಯೋ ಮೊದಲೇ ಒಳಗೆ ತನ್ನಿ. ಅದಕ್ಕೂ ಮೊದಲು ಎಲೆಯ ಅಡಿ, ಕಾಂಡದ ಸಂದು ನೋಡಿ. ಕಂದು ಬೊಟ್ಟಿನಂಥ ಶಲ್ಕ ಕೀಟ ಇದ್ದರೆ ಉಗುರಿನಿಂದ ಕೆರೆದು, ಬೇವಿನೆಣ್ಣೆ ಸಿಂಪಡಿಸಿ, ವಾರದ ನಂತರ ಇನ್ನೊಮ್ಮೆ. ದಕ್ಷಿಣದ ಕಿಟಕಿ ಒಳ್ಳೇದು, ಬಿಸಿಗಾಳಿ ಬರೋ ಕಿಂಡಿಯ ಮೇಲೆ ಬೇಡ. ಎಲೆ ಉದುರಿಸಿ ಬೋಳಾದರೆ ಸತ್ತಿತು ಅಂತ ನೀರು ಸುರೀಬೇಡಿ. ಬೇರು ಕೊಳೆಯೋದು ಆಗಲೇ. ಮೇಲಿನ 2 ಇಂಚು ಮಣ್ಣು ಒಣಗಿದರೆ ಮಾತ್ರ ನೀರು, ಮಾರ್ಚ್‌ವರೆಗೆ ಗೊಬ್ಬರ ಬೇಡ. ಒಂದು ತಿಂಗಳು ಊರಿಗೆ ಹೋಗೋವಾಗ ಯಾರಿಗಾದರೂ ಕೊಟ್ಟು ಹೋಗಿ.

ಪಾನಾಪಟ್ಟು:
ಊರಿಗೆ ಹೋಗೋ ದಿನ ಮೇನ್ ವಾಲ್ವ್ ಬಂದ್ ಮಾಡಿ, ಮೇಲಿನ ಮತ್ತು ಬೇಸ್‌ಮೆಂಟಿನ ನಲ್ಲಿ ತೆರೆದು ಒತ್ತಡ ಇಳಿಸಿ. ಥರ್ಮೋಸ್ಟ್ಯಾಟ್ 55 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗೆ ಬೇಡ. ಹೊರಗೋಡೆಗೆ ತಾಗಿದ ಸಿಂಕಿನ ಕೆಳಗಿನ ಬಾಗಿಲು ತೆರೆದಿಡಿ. ಪಕ್ಕದವರಿಗೆ ಕೀ ಕೊಟ್ಟು, ಹಿಮ ಬಿದ್ದ ಮೇಲೆ ಆ ಎರಡು ಬಿಳಿ ಪೈಪ್ ನೋಡೋಕೆ ಹೇಳಿ. ಫುಟ್‌ಪಾತ್ ಹಿಮ ತೆಗೆಯೋಕೂ ಯಾರನ್ನಾದರೂ ಗೊತ್ತುಮಾಡಿ, ಇಲ್ಲಾಂದ್ರೆ ಸಿಟಿಯವರ ನೋಟಿಸು ಬರಬಹುದು.