ಹತ್ತನೇ ಅಕ್ಷರ ಎ

ಸತೀಶ್ ಮಾವ: (ತುಂಬಾ ಸಲ ಫಾರ್ವರ್ಡ್ ಆಗಿದೆ) ಕಾರು ಇರುವವರೆಲ್ಲಾ ತಪ್ಪದೆ ಓದಿ!! ಚಾಸಿಸ್ ನಂಬರಿನ 10ನೇ ಅಕ್ಷರದಲ್ಲಿ ನಿಮ್ಮ ಗಾಡಿ ಹುಟ್ಟಿದ ವರ್ಷ ಅಡಗಿದೆ. ಎ ಎಂದರೆ 2001, ಬಿ ಎಂದರೆ 2002, ಸಿ ಎಂದರೆ 2003, ಹೀಗೇ ಎಣಿಸಿ. ಎಂ ಅಕ್ಷರದಿಂದ ಶುರುವಾಗುವ ಗಾಡಿ ಫಾರಿನ್‌ಗೆ ಹೋಗಿ ರಿಜೆಕ್ಟ್ ಆಗಿ ವಾಪಸ್ ಬಂದ ಮಾಲು. ಶೋರೂಮಿನವರು ಇದನ್ನು ಹೇಳುವುದೇ ಇಲ್ಲ. ಹತ್ತು ಜನಕ್ಕೆ ಕಳಿಸಿ 🙏🙏

ದೊಡ್ಡಪ್ಪ: 👍 ಉಪಯುಕ್ತ ಮಾಹಿತಿ. ಶುಭೋದಯ.

ಚೈತ್ರ: ಮಾವ ಇದನ್ನ ಬರ್ದಿದ್ ಯಾರು? ಎಲ್ಲಿಂದ ಬಂತು?

ಸತೀಶ್ ಮಾವ: ನಮ್ ವಾಕಿಂಗ್ ಗ್ರೂಪಲ್ಲಿ ಬಂತಮ್ಮ. ರಿಟೈರ್ಡ್ ಇಂಜಿನಿಯರ್ ಹಾಕಿರೋದು

ಚೈತ್ರ: ಯಾವ ಇಂಜಿನಿಯರ್

ಸತೀಶ್ ಮಾವ: ನೀರಾವರಿ

ಸರೋಜತ್ತೆ: ಬೆಳಗ್ಗೆಯಿಂದ ಆರ್‌ಸಿ ಹುಡುಕ್ತಾ ಬೀರು ಪೂರ್ತಿ ಕಿತ್ತಾಕಿದಾರೆ ಇವ್ರು. ದೋಸೆ ಆರಿ ಅಪ್ಪಳ ಆಗಿದೆ

ಸತೀಶ್ ಮಾವ: 📷 ಫೋಟೋ

ಸತೀಶ್ ಮಾವ: ನಮ್ ಐ10 ಆರ್‌ಸಿ. ಭೂತಗನ್ನಡಿ ಇಟ್ಕೊಂಡು ಎರಡ್ ಸಲ ಎಣಿಸ್ದೆ. ಮೊದಲ್ನೇದು ಎಂ. ಹತ್ತನೇದು ಎ. ಪ್ರಕಾಶ ಇದ್ಯೇನಪ್ಪಾ?

ಚೈತ್ರ: ಅಯ್ಯೋ ಮಾವ ಮೊದ್ಲು ಆ ಫೋಟೋ ಡಿಲೀಟ್ ಮಾಡಿ. ಸರ್ಕಾರದ ಪರಿವಾಹನ್ ಸೈಟಲ್ಲಿ ಗಾಡಿ ನಂಬರ್ ಹಾಕಿದ್ ತಕ್ಷಣ ಚಾಸಿಸ್ಸಿನ ಕೊನೇ ಐದು ಅಂಕಿ ತಾನೇ ಕೇಳೋದು, ನೀವು ಎರಡನ್ನೂ 64 ಜನಕ್ಕೆ ಕೊಟ್ಬಿಟ್ರಿ

ಸತೀಶ್ ಮಾವ: ಮಾಡ್ದೆ

ಚೈತ್ರ: ನಂಗಿನ್ನೂ ಕಾಣ್ತಿದೆ. ಡಿಲೀಟ್ ಫಾರ್ ಮೀ ಒತ್ತಿದೀರ

ಸತೀಶ್ ಮಾವ: ನಂಗ್ ಕಾಣ್ತಿಲ್ವಲ್ಲ ಮತ್ತೆ

ಚೈತ್ರ: ದೊಡ್ಡಪ್ಪ ನೀವು ಅಡ್ಮಿನ್, ನೀವಾದ್ರೂ ತೆಗೀರಿ ಪ್ಲೀಸ್

ಪ್ರಕಾಶ್ ಚಿಕ್ಕಪ್ಪ: ಭಾವ ಏನಿದು. 2014ರಲ್ಲಿ ಕೊಟ್ಟ ಗಾಡಿ. ಇಷ್ಟು ವರ್ಷ ಓಡ್ಸಿ ಈಗ ಅಕ್ಷರ ಎಣಿಸ್ತಿದೀರ?

ಸತೀಶ್ ಮಾವ: 2011 ಮಾಡೆಲ್ ಭಾವ, ಒಬ್ರೇ ಓನರ್ರು, ಡಾಕ್ಟ್ರು ಓಡ್ಸಿದಂಗೆ ಓಡ್ಸಿದೀನಿ ಅಂತ ಹೇಳಿ ನೀನೇ ನನ್ನತ್ರ 2 ಲಕ್ಷ 70 ಸಾವಿರ ಇಸ್ಕೊಂಡೆ. ತಿಂಗಳಾಗೋದ್ರೊಳಗೆ ಬ್ಯಾಟ್ರಿ ಸತ್ತೋಯ್ತು, ಆಗ್ಲೂ ನಾನೊಂದ್ ಮಾತಾಡ್ಲಿಲ್ಲ. ಈಗ್ ನೋಡಿದ್ರೆ 2001ರ ಗಾಡಿ!

ದೊಡ್ಡಪ್ಪ: ನೆಂಟರ ಮಧ್ಯೆ ಗಾಡಿ, ಜಮೀನು, ಸಾಲ ಇವು ಮೂರೂ ಕೂಡದು ಅಂತ ಅಪ್ಪ ಹೇಳ್ತಿದ್ರು. ಯಾರೂ ಕೇಳ್ಲಿಲ್ಲ.

ಚೈತ್ರ: ಸ್ವಲ್ಪ ತಡೀರಿ ಎಲ್ರೂ. ಐ10 ಅನ್ನೋ ಕಾರೇ ಬಂದಿದ್ದು 2007ರಲ್ಲಿ, 2001ರ ಐ10 ಎಲ್ಲಿಂದ ತರ್ತಾರೆ ಚಿಕ್ಕಪ್ಪ? ಆ ಮೆಸೇಜಲ್ಲಿ ಹತ್ತನೇ ಅಕ್ಷರ ವರ್ಷ ಅನ್ನೋದೇನೋ ಈ ಗಾಡಿ ಮಟ್ಟಿಗೆ ಸರಿ, ಲೆಕ್ಕ ತಪ್ಪು. 2001ರಿಂದ 2009ರವರೆಗೆ ಅಲ್ಲಿ 1ರಿಂದ 9ರ ಅಂಕಿ ಬರುತ್ತೆ, 2010ಕ್ಕೆ ಎ ಶುರು, 2011 ಬಿ, ಹಂಗೇ 2017 ಹೆಚ್, ಆಮೇಲೆ ಐ ಬಿಟ್ಟು ನೇರ ಜೆ. ಯಾಕಂದ್ರೆ ಐ, ಓ, ಕ್ಯೂ ಮೂರನ್ನೂ ಇಡೀ ನಂಬರಲ್ಲೇ ಬಳಸೋ ಹಾಗಿಲ್ಲ, 1 ಮತ್ತೆ ಸೊನ್ನೆ ಅಂತ ಓದ್ಬಿಡ್ತಾರೆ ಅಂತ. ಇನ್ನು ಎಂಎ ಇಂದ ಎಂಇವರೆಗೆ ಇಂಡಿಯಾದ್ದೇ ಕೋಡ್, ಎಂಎಎಲ್ ಅಂದ್ರೆ ಇಲ್ಲಿನ ಹ್ಯುಂಡೈ. ರಿಜೆಕ್ಟ್ ಮಾಲಲ್ಲ, ಚೆನ್ನೈಲಿ ಹುಟ್ಟಿದ್ ಗಾಡಿ

ಪ್ರಕಾಶ್ ಚಿಕ್ಕಪ್ಪ: ಹಾಂ ಓದಿದ್ ಹುಡುಗಿ ಹೇಳ್ತಿದಾಳೆ ಕೇಳಿ 👏👏

ದೊಡ್ಡಪ್ಪ: ನನ್ನ ವ್ಯಾಗನ್‌ಆರ್ 2012ರಲ್ಲಿ ತೊಗೊಂಡಿದ್ದು. ಹತ್ತನೇದು ಸೊನ್ನೆ ಇದೆಯಲ್ಲ.

ಚೈತ್ರ: ದೊಡ್ಡಪ್ಪ ಆ ಜಾಗದಲ್ಲಿ ವರ್ಷ ಇರ್ಲೇಬೇಕು ಅನ್ನೋದು ಅಮೆರಿಕಾದ ರೂಲು. ಇಲ್ಲಿ ಆಗ ಒಂದೊಂದ್ ಕಂಪನಿದು ಒಂದೊಂದ್ ಥರ ಇತ್ತು. ಆರ್‌ಸೀಲಿ ತಯಾರಾದ ತಿಂಗಳು, ವರ್ಷ ಬರ್ದೇ ಇರುತ್ತೆ, ಅದನ್ನ ನೋಡಿ ಸಾಕು. ಮತ್ತೆ ಆ ಫೋಟೋ...

ಮಧು: ಚಾಸಿಸ್ ನಂಬರ್ ಅಂದ್ರೆ ನಂಗೆ ಅಜ್ಜನ ಸಿಡಿ 100ನೇ ನೆನಪಾಗೋದು. ಹೆಸರು ಟ್ರಾನ್ಸ್‌ಫರ್ ಮಾಡ್ಸಕ್ಕೆ ಹಾಸನ ಆರ್‌ಟಿಓಗೆ ಹೋಗಿದ್ವಿ, ಏಜೆಂಟ್ ಹುಡ್ಗ ಹ್ಯಾಂಡಲ್ ಬುಡದಲ್ಲಿ ಸೀಮೆಎಣ್ಣೆ ಬಟ್ಟೇಲಿ ಗ್ರೀಸ್ ಒರ್ಸಿ, ಪೆನ್ಸಿಲ್ ಸೀಸ ತಿಕ್ಕಿ, ಮೇಲೆ ಸೆಲ್ಲೋಟೇಪ್ ಒತ್ತಿ ಕಿತ್ತು ಫಾರಮ್ಮಿಗೆ ಅಂಟಿಸ್ತಿದ್ದ. ಒಂದ್ ಅಕ್ಷರ ಮೂಡ್ಲಿಲ್ಲ ಅಂತ ಮೂರ್ ಸಲ ಕಿತ್ತ. ಅಜ್ಜ ಆ ಟೇಪ್ ಚೂರನ್ನ ಪಂಚಾಂಗದೊಳಗೆ ಇಟ್ಕೊಂಡ್ರು. ಆಮೇಲೆ ಮಸಾಲೆ ದೋಸೆ 😋

ಸರೋಜತ್ತೆ: ಆ ಪಂಚಾಂಗ ಈಗ ಯಾರ ಮನೇಲಿದೆ? ಅಮ್ಮನ ಬೆಳ್ಳಿ ಕುಂಕುಮದ ಬಟ್ಲೂ ಅದ್ರ ಜೊತೇಲೇ ಇತ್ತು

ದೊಡ್ಡಪ್ಪ: ಆ ವಿಷಯ ಇಲ್ಲಿ ಬೇಡ.

ಸತೀಶ್ ಮಾವ: ಚೈತ್ರ, ನೀನ್ ಹೇಳಿದ್ಯಲ್ಲ ಅಂತ ನಾನೇ ಆನ್‌ಲೈನಲ್ಲಿ ಚೆಕ್ ಮಾಡ್ದೆ. ಅಮೆರಿಕಾದ ಸೈಟು. ಇನ್‌ವ್ಯಾಲಿಡ್ ನಂಬರ್ ಅಂತ ಕೆಂಪಗೆ ತೋರಿಸ್ತಿದೆ. ಪ್ರಕಾಶ, ಡೂಪ್ಲಿಕೇಟ್ ಗಾಡಿ ಕಟ್ಟಿದ್ಯಾ ನಂಗೆ?

ಕಿರಣ್ (ಮಿಚಿಗನ್): ಮಾವ ಗಾಬರಿಯಾಗ್ಬೇಡಿ. ಇಲ್ಲಿ 9ನೇ ಜಾಗ ಚೆಕ್ ಅಂಕಿ, ಮಿಕ್ಕ 16 ಅಕ್ಷರಕ್ಕೂ ಒಂದೊಂದ್ ಬೆಲೆ ಕೊಟ್ಟು, ಆಯಾ ಜಾಗದ ಸಂಖ್ಯೆಯಿಂದ ಗುಣಿಸಿ, ಎಲ್ಲಾ ಕೂಡಿ 11ರಿಂದ ಭಾಗಿಸಿದ್ರೆ ಉಳಿಯೋ ಶೇಷ ಅಲ್ಲಿರ್ಬೇಕು, 10 ಉಳಿದ್ರೆ ಎಕ್ಸ್. ಇಂಡಿಯಾದಲ್ಲಿ ಆ ನಿಯಮ ಇಲ್ಲ, ಅದಕ್ಕೆ ಇಲ್ಲಿನ ಸೈಟು ಒಪ್ಪಲ್ಲ. ನನ್ ಟೊಯೋಟಾ ಕ್ಯಾಮ್ರಿ ನಂಬರ್ ಅಮೆರಿಕಾದ ಕೋಡ್ 4ರಿಂದ ಶುರುವಾಗುತ್ತೆ, ಹೆಸರು ಜಪಾನಿಂದು, ಹುಟ್ಟಿದ್ದು ಕೆಂಟಕೀಲಿ

ಪ್ರಕಾಶ್ ಚಿಕ್ಕಪ್ಪ: ಕೇಳಿಸ್ಕೊಂಡ್ರಾ ಭಾವ

ಸತೀಶ್ ಮಾವ: ಸರಿ ಹಂಗಾದ್ರೆ ಎ ಅಂದ್ರೆ ಯಾವ್ ವರ್ಷ, ಖಡಾಖಂಡಿತವಾಗಿ ಹೇಳಮ್ಮ ಚೈತ್ರ

ಚೈತ್ರ: 2010 ಮಾವ. 30 ವರ್ಷಕ್ಕೊಂದ್ ಸುತ್ತು, 1980ಕ್ಕೂ ಎ ಇತ್ತು, ಆದ್ರೆ ಹ್ಯುಂಡೈ ನಮ್ ದೇಶಕ್ಕೆ ಬಂದಿದ್ದೇ 1996ರಲ್ಲಿ. ಹಾಗಾಗಿ 2010ನೇ, ಅನುಮಾನಾನೇ ಬೇಡ

ಸತೀಶ್ ಮಾವ: 2010. ಇವ್ನು ಹೇಳಿದ್ದು 2011.

ಚೈತ್ರ: ...

ಚೈತ್ರ: ಅಲ್ಲಾ ನಾನ್ ಹೇಳಿದ್ದು ಅದಲ್ಲ

ಮಧು: ಫೋಟೋ ಇನ್ನೂ ಇದೆಯಲ್ಲ, ಝೂಮ್ ಮಾಡ್ದೆ. ತಯಾರಾಗಿದ್ದು 11/2010, ರಿಜಿಸ್ಟ್ರೇಷನ್ 2011 ಜನವರಿ 😬

ಪ್ರಕಾಶ್ ಚಿಕ್ಕಪ್ಪ: ರಿಜಿಸ್ಟ್ರೇಷನ್ ಯಾವತ್ತೋ ಅದೇ ಮಾಡೆಲ್ಲು. ಎಲ್ರೂ ಹಂಗೇ ಹೇಳೋದು. ಚೈತ್ರ ನಿಂಗ್ ಆಫೀಸ್ ಇಲ್ವೇನಮ್ಮಾ ಇವತ್ತು

ಸರೋಜತ್ತೆ: ಪ್ರಕಾಶ, ಗಾಡಿ ತೊಗೊಂಡ್ ದಿನ ನಂಗೆ ಫೋನ್ ಮಾಡಿ ಅಕ್ಕಾ ಹಳೇ ವರ್ಷದ ಸ್ಟಾಕು ಅಂತ 30 ಸಾವಿರ ಬಿಟ್ರು ಅಂದಿದ್ದೆ ಕಣೋ. ಈಗ ನೆನಪಾಯ್ತು

ಸತೀಶ್ ಮಾವ: ಮೂವತ್ ಸಾವ್ರ!! ನಂಗ್ಯಾಕೆ ಹೇಳ್ಲಿಲ್ಲ ನೀನು?

ಸರೋಜತ್ತೆ: ನೀವ್ ಯಾವತ್ ಕೇಳಿದ್ರಿ

ದೊಡ್ಡಪ್ಪ: ಎಲ್ಲರೂ ಶಾಂತವಾಗಿ. ಅಪ್ಪ ಇದ್ದಿದ್ರೆ ಇದನ್ನೆಲ್ಲ ನೋಡಿ ಬೇಜಾರು ಮಾಡ್ಕೋತಿದ್ರು.

ಮಧು: ಅಜ್ಜ ಇದ್ದಿದ್ರೆ ನಕ್ಕಿರೋರು

ಚೈತ್ರ: ದೊಡ್ಡಪ್ಪ ಫೋಟೋ

ದೊಡ್ಡಪ್ಪ: ಯಾವ ಫೋಟೋ?

ಸರೋಜತ್ತೆ: ಭಾನುವಾರ ರಮ್ಯನ ಸೀಮಂತಕ್ಕೆ ಹೆಂಗ್ ಬರೋದು ಅದನ್ನ ಹೇಳಿ. ಗಾಡಿ ಕ್ಲಚ್ ರಿಪೇರಿಗೆ ಗ್ಯಾರೇಜಲ್ಲಿದೆ

ಪ್ರಕಾಶ್ ಚಿಕ್ಕಪ್ಪ: ಎಂಟ್ ಗಂಟೆಗೆ ರೆಡಿ ಇರಕ್ಕ. ನಾನೇ ಬಂದ್ ಕರ್ಕೊಂಡ್ ಹೋಗ್ತೀನಿ

ಸತೀಶ್ ಮಾವ: ಯಾವ್ ಗಾಡೀಲಿ? ಮೊದ್ಲು ಅದ್ರ ಹತ್ತನೇ ಅಕ್ಷರ ಹೇಳು