ಬಲೂನ್ ಉಬ್ಬಿತು, ಚಪ್ಪಾಳೆ ಬಿತ್ತು, ಪ್ರಶ್ನೆ ಮಾತ್ರ ಬರಲಿಲ್ಲ

ಶಿಡ್ಲಘಟ್ಟದ ಟೀಚರ್:
ಎಲ್ಲರಿಗೂ ನಮಸ್ಕಾರ. ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ಏಳನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಲ್ಯಾಬ್ ಅಂದರೆ ಒಂದು ಬೀರು. ಅದರ ಬೀಗದ ಕೈ ಯಾರ ಹತ್ತಿರ ಇದೆಯೋ ದೇವರಿಗೇ ಗೊತ್ತು. ಹಾಗಾಗಿ ಮನೆಯಿಂದಲೇ ಸಾಮಾನು ಒಯ್ಯುತ್ತೇನೆ. ಮೊನ್ನೆ ಬಾಟಲಿಗೆ ನಿಂಬೆರಸ, ಅಡುಗೆ ಸೋಡಾ ಹಾಕಿ ಬಾಯಿಗೆ ಬಲೂನ್ ಸಿಕ್ಕಿಸಿದೆ. ಉಬ್ಬಿತು, ಚಪ್ಪಾಳೆ ಹೊಡೆದರು. ಆಮೇಲೆ ಒಬ್ಬ ಕೇಳಿದ್ದು ಒಂದೇ: "ಇದು ಪರೀಕ್ಷೆಗೆ ಬರುತ್ತಾ ಮಿಸ್?" ಖರ್ಚೇನೋ ಕಮ್ಮಿ. ಆದರೆ ವಿಜ್ಞಾನ ಅಂದರೆ ಬಾಯಿಪಾಠ ಅನ್ನೋದು ಅವರ ತಲೆಯಿಂದ ಹೋಗುತ್ತಿಲ್ಲ. ನೀವೆಲ್ಲ ಏನು ಮಾಡುತ್ತೀರಿ?

ಚಿಂತಾಮಣಿಯ ನಿವೃತ್ತ ಮೇಷ್ಟ್ರು:
ಮೇಡಂ, ಬಲೂನ್ ಉಬ್ಬಿಸಿದ್ದು ನೀವು. ಮಕ್ಕಳು ಜಾತ್ರೆಯಲ್ಲಿ ಮೋಡಿ ಆಟ ನೋಡಿದ ಹಾಗೆ ನೋಡಿದರು. ಸಾಮಾನು ಅವರ ಕೈಗೆ ಕೊಡಿ, ಕೆಡಿಸಲಿ.

ನಾನು ಅರಿಶಿನದ ಕಾಗದ ಮಾಡಿಸುತ್ತಿದ್ದೆ. ಅರಿಶಿನ ಕಲಸಿ ಹಾಳೆಗೆ ಬಳಿದು ನೆರಳಲ್ಲಿ ಒಣಗಿಸಿದರೆ ಆಯಿತು. ನಿಮ್ಮ ಕಡೆ ಸುಣ್ಣಕ್ಕೇನು ಬರ? ರೇಷ್ಮೆ ಹುಳು ಜ್ವರಕ್ಕೆ ಹೋದಾಗ, ಅಂದರೆ ಪೊರೆ ಬಿಡುವಾಗ, ಉದುರಿಸೋಕೆ ಇಟ್ಟಿರುತ್ತಾರೆ ಅಲ್ವಾ. ಸುಣ್ಣದ ತಿಳಿನೀರು ಬಿದ್ದ ಕಡೆ ಕಾಗದ ಕೆಂಪಾಯಿತು. "ಆರತಿ ನೀರು ಸಾರ್!" ಅಂತ ಒಬ್ಬಳು ಕೂಗಿದಳು. ಪೇಚಿಗೆ ಸಿಕ್ಕಿದ್ದು ಆಮೇಲೆ. ಹುಣಸೆ ನೀರು ಹಾಕಿದರೆ ಹಳದಿ ಹಳದಿಯಾಗೇ ಇತ್ತು. ಬರೀ ನೀರು ಹಾಕಿದರೂ ಹಾಗೇ. "ಹಾಗಾದ್ರೆ ಹುಣಸೆ ಹುಳಿ ಅಂತ ಕಾಗದಕ್ಕೆ ಗೊತ್ತಾಗಲ್ವಾ?" ಅಂದಳು ಅವಳೇ. ನಿಜ, ಅರಿಶಿನ ಹಿಡಿಯೋದು ಸುಣ್ಣದಂಥ ಪ್ರತ್ಯಾಮ್ಲವನ್ನು ಮಾತ್ರ, ಹುಳಿಯನ್ನಲ್ಲ. ಕೆಂಪು ದಾಸವಾಳ ತನ್ನಿ ಅಂದೆ. ಬಿಸಿನೀರಲ್ಲಿ ನೆನೆಸಿದ ಆ ರಸಕ್ಕೆ ಹುಣಸೆ ಬಿದ್ದರೆ ಗಾಢ ಗುಲಾಬಿ, ಸುಣ್ಣ ಬಿದ್ದರೆ ಹಸಿರು. ಆವತ್ತು ಪರೀಕ್ಷೆ ಮಾತು ಯಾರೂ ಎತ್ತಲಿಲ್ಲ.

ಮಕ್ಕಳಿಗೆ ತಿಳಿನೀರು ಮಾತ್ರ ಕೊಡಿ. ಸುಣ್ಣ ಕಣ್ಣಿಗೆ ಬಿದ್ದರೆ ಕಷ್ಟ.

ಗುಡಿಬಂಡೆಯಿಂದ:
ನಮಗೆ ಬೋರ್‌ವೆಲ್ ನೀರೇ ಲ್ಯಾಬು. ಒಂದು ಬಾಟಲಿಗೆ ಮಳೆನೀರು, ಇನ್ನೊಂದಕ್ಕೆ ಬೋರ್ ನೀರು. ಎರಡಕ್ಕೂ ಅಷ್ಟಷ್ಟೇ ಸೋಪಿನ ಚೂರು ಹಾಕಿ ಕುಲುಕಿಸಿ. ಮಳೆನೀರಲ್ಲಿ ನೊರೆ ಜಾಸ್ತಿ, ಬೋರ್ ನೀರಲ್ಲಿ ಹಾಲು ಒಡೆದ ಹಾಗೆ ಬಿಳಿ ಚೂರು. ಇದು ನೀರಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣದ ಕೆಲಸ, ಇಂಥದ್ದೇ ಗಡಸು ನೀರು ಅಂತ ಬೋರ್ಡ್ ಮೇಲೆ ಬರೆಯೋ ಮುಂಚೆನೇ ಒಬ್ಬ, "ಅದಕ್ಕೇನಾ ನಮ್ಮಮ್ಮ ಹಂಡೆಯ ಬಿಳಿ ಕಲೆ ಉಜ್ಜೋದು?" ಅಂದ. ಬಟ್ಟೆ ಪೌಡರ್ ಮಾತ್ರ ಹಾಕಬೇಡಿ, ಅದಕ್ಕೆ ಗಡಸು ನೀರಲ್ಲೂ ನೊರೆ ಬರುತ್ತೆ. ಮೊದಲ ಸಲ ನನ್ನ ಮಾನ ಹೋಗಿದ್ದು ಹಾಗೇ.

ಶಿಡ್ಲಘಟ್ಟದ ಟೀಚರ್:
ಮೇಷ್ಟ್ರೇ, ಸುಣ್ಣ ಇದೆ. ದಾಸವಾಳ ಇರೋದು ಹೆಡ್‌ಮಾಸ್ಟರ್ ರೂಮಿನ ಮುಂದೆ. ಕೀಳೋಕೆ ಮಕ್ಕಳನ್ನೇ ಕಳಿಸುತ್ತೇನೆ. ಯಾಕೆ ಅಂತ ಕೇಳಿದರೆ ಅವರೇ ಹೇಳಲಿ.